ಅರ್ಧ ನಿಮ್ಮ ಪಚ್ಚ, ಅರ್ಧ ನಮ್ಮ ಪಚ್ಚ

ರೈಲು ನೋಡುವುದೇ ನನ್ನ ನೌಕರಿಯಾಗಿತ್ತು ಎಂದರೆ ಈಗಿನ ಹುಡುಗಿಯರು ಸೆರಗು ಬಾಯಿಗೆ ಅಡ್ಡ ಹಿಡಿದು ನಗುತ್ತಾರೆ. ನಗಲಿ ಬಿಡಿ. ನಿಜಾಮರ ಕಾಲದಲ್ಲಿ ಜಹೀರಾಬಾದ್ ಸ್ಟೇಷನ್ನಿನ ಬೇವಿನ ಮರದ ಕೆಳಗೆ ಕೂತು, ಬಂದ ಗಾಡಿಯ ಡಬ್ಬಿಗಳು ಯಾವ ಬಣ್ಣದವು ಎಂದು ಕಣ್ಣು ತುಂಬ ನೋಡಿಕೊಂಡು ಹೋಗಿ, ನಮ್ಮ ಕಾರ್ಖಾನೆಯ ಮರದ ಆಟಿಕೆ ಡಬ್ಬಿಗಳಿಗೆ ಈ ಸಲ ಯಾವ ಬಣ್ಣ ಹಚ್ಚಬೇಕು ಎಂದು ಹೇಳುತ್ತಿದ್ದವಳು ನಾನೇ. ಅದಕ್ಕೆ ಪಗಾರ ಕೊಡುತ್ತಿದ್ದರು. ಊರಿನ ಗಂಡಸರಿಗೆ ಅದು ನಂಬಿಕೆಯೇ ಆಗುತ್ತಿರಲಿಲ್ಲ.

ಮಾದರಿ ರೈಲು ಮಾಡುವ ಕೆಲಸಕ್ಕೆ ಈಗ ಹೊಸದಾಗಿ ಸೇರುತ್ತಿರುವ ನೀವು ಪುಣ್ಯವಂತರು. ನಿಮಗೆ ಬಣ್ಣ ಡಬ್ಬದಲ್ಲಿ ಸಿಗುತ್ತದೆ, ಡಬ್ಬದ ಮೇಲೆ ನಂಬರು ಇರುತ್ತದೆ, ನಂಬರು ಹೇಳಿದರೆ ಮುಗಿಯಿತು. ನಮಗೆ ಬಾಯಿಮಾತು ಬಿಟ್ಟರೆ ಗತಿ ಇರಲಿಲ್ಲ. ಆ ಬಾಯಿಮಾತು ನಮ್ಮನ್ನು ಒಂದು ಸಲ ಹೇಗೆ ಮುಳುಗಿಸಿತು, ಯಾರ ಪುಣ್ಯದಿಂದ ದಡ ಹತ್ತಿದೆವು ಎಂಬುದನ್ನು ಹೇಳಿಬಿಡುತ್ತೇನೆ. ಅಕ್ಷರ ತಡವಾಗಿ ಕಲಿತವಳು ನಾನು. ಬರವಣಿಗೆ ಸೊಟ್ಟಗಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ನನ್ನ ಹೆಸರು ತುಕ್ಕಮ್ಮ. ಮನೂರಿನ ಕಡೆಯ ಕುರಿ ಸಾಕುವ ಮನೆಯಲ್ಲಿ ಹುಟ್ಟಿದವಳು. ಗಂಡ ರೈಲು ಹಳಿ ನೋಡಿಕೊಳ್ಳುವ ಗ್ಯಾಂಗಿಗೆ ಸೇರಿ ಜಹೀರಾಬಾದಿಗೆ ಬಂದ, ಅವನ ಹಿಂದೆ ನಾನೂ ಬಂದೆ. ಬಜಾರಿನ ಹಿಂದಿನ ಓಣಿಯಲ್ಲಿ ಬಡೇಬಿಯ ಕಾರ್ಖಾನೆ ಇತ್ತು. ಕಾರ್ಖಾನೆ ಎಂದರೆ ದೊಡ್ಡದೇನಲ್ಲ, ಒಂದು ಅಂಗಳ, ಒಂದು ಹೆಂಚಿನ ಶೆಡ್ಡು. ಬಡೇಬಿಯ ಗಂಡ ಮರದ ಕುದುರೆ, ಬಂಡಿ ಮಾಡುತ್ತಿದ್ದವರು. ಊರಿಗೆ ರೈಲು ಬಂದ ಮೇಲೆ ಕುದುರೆ ಯಾರಿಗೆ ಬೇಕು? ಡಬ್ಬಿ ಮಾಡತೊಡಗಿದರು. ಅವರು ತೀರಿಕೊಂಡ ಮೇಲೆ ಬಡೇಬಿ ಕಾರ್ಖಾನೆ ನಿಲ್ಲಿಸಲಿಲ್ಲ. ಶೆಡ್ಡಿನ ನಡುವೆ ಒಂದು ಗೋಣಿತಟ್ಟಿನ ಪರದೆ ಕಟ್ಟಿಸಿದರು. ಪರದೆಯ ಆಚೆ ಬಡಿಗೇರ ಮೋನಪ್ಪ ಮರ ಕೊರೆಯುತ್ತಿದ್ದ, ಈಚೆ ಬಡೇಬಿ ಮತ್ತು ನಾವು ಹೆಂಗಸರು ಬಣ್ಣದ ಕೆಲಸ ಮಾಡುತ್ತಿದ್ದೆವು.

ನಾನು ಸೇರಿದ್ದು ಹುಣಸೆ ಬೀಜ ಬೀಸುವುದಕ್ಕೆ. ಆ ಹಿಟ್ಟನ್ನು ಕುದಿಸಿ ಅಂಟು ಮಾಡಿ, ಬಿಳಿಮಣ್ಣು ಕಲಸಿ, ಡಬ್ಬಿಗೆ ಮೊದಲ ಲೇಪ ಕೊಡಬೇಕು. ಅದರ ಮೇಲೆ ಬಣ್ಣ, ಬಣ್ಣದ ಮೇಲೆ ಅಗಸೆ ಎಣ್ಣೆಯ ಹೊಳಪು. ನಾನು ಬೀಸುತ್ತಿರುವಾಗ ದೂರದಲ್ಲಿ ಗಾಡಿ ಕೂಗಿತು. ಬಡೇಬಿ ಕೈಯೊಳಗಿನ ಕುಂಚ ನಿಲ್ಲಿಸಿ ಕೇಳಿದರು.

"ತುಕ್ಕಮ್ಮ, ನೀ ಸ್ಟೇಷನ್ ಕಡಿಂದನೇ ಬರ್ತಿ. ಗಾಡಿ ಡಬ್ಬಿ ಯಾವ ಬಣ್ಣ ಅದಾವ?"

"ಕೆಂಪು ಅದಾವ್ರಿ."

"ಯಾವ ಕೆಂಪು?"

"ಕೆಂಪಂದ್ರ ಕೆಂಪ್ರಿ ಬಡೇಬಿ. ಕೆಂಪಿನಾಗ ಜಾತಿ ಇರ್ತಾವೇನ್ರಿ?"

"ಹೌ, ಇರ್ತಾವ. ಮೆಣಸಿನಕಾಯಿ ಕೆಂಪೋ, ಇಟ್ಟಂಗಿ ಕೆಂಪೋ, ಸಿಟ್ಟು ಬಂದಾಗ ನಿನ್ನ ಮಾರಿ ಆಗ್ತದಲ್ಲ, ಆ ಕೆಂಪೋ?"

ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ನನಗೆ ಖರೇನೇ ಸಿಟ್ಟು ಬಂತು. ಮರುದಿನ ಸ್ಟೇಷನ್ನಿಗೆ ಹೋಗಿ, ಗಾಡಿ ನಿಂತಷ್ಟು ಹೊತ್ತೂ ಡಬ್ಬಿಗಳನ್ನು ದಿಟ್ಟಿಸಿ ನೋಡಿದೆ. ಅಲ್ಲಿಂದ ನೇರವಾಗಿ ಬೆಲ್ಲದ ಅಂಗಡಿಗೆ ಹೋಗಿ, ಹಳೆಯ ಬೆಲ್ಲದ ಉಂಡೆ ಒಡೆಸಿ, ಒಳಗಿನ ತುಂಡು ತಂದು ಬಡೇಬಿಯ ಮುಂದೆ ಕುಕ್ಕಿದೆ. "ಈ ಕೆಂಪ್ರಿ" ಎಂದೆ. ಮೇಲಿನ ಬೆಲ್ಲವಲ್ಲ, ಒಡೆದಾಗ ಒಳಗೆ ಕಾಣುವ ಬೆಲ್ಲ. ಕೆಂಪೂ ಹೌದು, ಕಂದೂ ಹೌದು, ಬಿಸಿಲು ಬಿದ್ದರೆ ಒಳಗಿನಿಂದ ಮಿನುಗುತ್ತದೆ ಎಂದೂ ಹೇಳಿದೆ.

ಬಡೇಬಿ ಆ ತುಂಡನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಅವರು ಘೋಷಾದ ಹೆಂಗಸು, ಪರದೆ ಬಿಟ್ಟು ಹೊರಗೆ ಬರುವವರಲ್ಲ. ಊರಿಗೆ ರೈಲು ಬಂದು ವರ್ಷಗಳಾಗಿದ್ದರೂ ಒಂದು ಗಾಡಿಯನ್ನೂ ಕಣ್ಣಿನಿಂದ ಕಂಡವರಲ್ಲ. ಗಂಡ ಹೇಳಿದ ಮಾತಿನ ಮೇಲೆ ಡಬ್ಬಿ ಮಾಡುತ್ತಿದ್ದರು, ಆತ ಹೋದ ಮೇಲೆ ಅದೇ ನೆನಪಿನ ಮೇಲೆ. ಆ ತುಂಡನ್ನು ಒಂದು ತಗಡಿನ ಡಬ್ಬದಲ್ಲಿಟ್ಟು ಮುಚ್ಚಳ ಹಾಕಿ ನನಗೆ ಹೇಳಿದರು.

"ನಾಳಿಂದ ಬೀಸೂ ಕೆಲಸ ನಕೋ, ಬಿಟ್ಟುಬಿಡು. ನೀ ಹೋಗಿ ನೋಡಿ ಬಾ. ಬಣ್ಣದ ಹೆಸರು ಮಾತ್ರ ನನಗ ಹೇಳಬ್ಯಾಡ. ವಸ್ತು ತಗೊಂಡು ಬಾ."

ನನ್ನ ನೌಕರಿ ಶುರುವಾದದ್ದು ಹೀಗೆ. ಬೇರೆಯವರ ಹೆಸರಿನ ಮುಂದೆ ಹುದ್ದೆ ಇರುತ್ತದೆ, ನನ್ನದಕ್ಕೆ ಹುದ್ದೆಯ ಹೆಸರೇ ಇರಲಿಲ್ಲ. ಓಣಿಯ ಜನ "ರೈಲು ನೋಡೋ ತುಕ್ಕಿ" ಎಂದು ಕರೆಯುತ್ತಿದ್ದರು. ನನಗೇನೂ ಬೇಜಾರಿರಲಿಲ್ಲ.

ಬಣ್ಣ ನೋಡಿ ಬರುವುದು ಸುಲಭದ ಭಾಗ. ಯಾವುದನ್ನು ಮಾಡಬೇಕು ಎಂದು ಗೊತ್ತು ಮಾಡುವುದು ಕಷ್ಟದ್ದು. ಬಣ್ಣದ ಪುಡಿ ಹೈದರಾಬಾದಿನಿಂದ ಬರಬೇಕು, ಒಂದು ಸಲ ತರಿಸಿದರೆ ಹಂಗಾಮು ಮುಗಿಯುವ ತನಕ ಅದೇ. ಆಮೇಲೆ ಅಯ್ಯೋ ಎಂದರೆ ಆಗದು. ಎಲ್ಲ ಊರಿಗೂ ಒಂದೇ ಬಣ್ಣ ಸಾಕು ಎಂದು ಮೊದಲ ವರ್ಷ ನಾವು ತಿಳಿದಿದ್ದೆವು. ಬೆಲ್ಲದ ಬಣ್ಣದ ಡಬ್ಬಿಗಳನ್ನು ಬಂಡಿಯ ಮೇಲೆ ನಾರಾಯಣಖೇಡದ ಸಂತೆಗೆ ಒಯ್ದೆ. ಅಲ್ಲಿಗೆ ರೈಲು ಇಲ್ಲ, ಹೆಚ್ಚಿನವರು ರೈಲು ಕಂಡೂ ಇಲ್ಲ. ಸಿರ್ಗಾಪುರದ ಒಬ್ಬ ಮುದುಕ ಡಬ್ಬಿಯನ್ನು ಹಿಂದೆ ಮುಂದೆ ತಿರುಗಿಸಿ, "ಎಲ್ಲಾ ಛಲೋ ಅದ ತಂಗಿ, ಎತ್ತು ಎಲ್ಲಿ ಕಟ್ಟತಾರ?" ಎಂದು ಕೇಳಿದ. ಒಬ್ಬ ಹೆಂಗಸು ಮೂಗು ಮುರಿದಳು.

"ಇದೇನಬೇ, ಮಣ್ಣಿನ ಬಣ್ಣದ್ದು? ಹುಡುಗ ಅಂಗಳದಾಗ ಇಟ್ಟರ ಎಲ್ಲದ ಅಂತ ಹುಡುಕಬೇಕು."

"ಖರೇ ರೈಲು ಹಿಂಗೇ ಇರ್ತದ ಅಕ್ಕಾ."

"ಇರ್ಲಿ ಬಿಡು. ಅಷ್ಟು ದೂರ ಹೋಗೂದು, ಛಂದ ಕೆಂಪು ಬಳಕೊಂಡು ಹೋಗಾಕ ಏನಾಗ್ಯದ ಅದಕ್ಕ?"

ಒಂದೂ ಹೋಗಲಿಲ್ಲ. ಮುಂದಿನ ಸಲ ಕುಂಕುಮದ ಕೆಂಪು ಹಚ್ಚಿ ಒಯ್ದೆ, ಮಧ್ಯಾಹ್ನದ ಒಳಗೆ ಬುಟ್ಟಿ ಖಾಲಿ. ಕಾರ್ಖಾನೆಯಲ್ಲಿ ಉಳಿದಿದ್ದ ನಾಲ್ಕಾರು ಕೆಂಪು ಡಬ್ಬಿಗಳನ್ನು ತಾಂಡೂರಿಗೆ ಒಯ್ದರೆ ಅಲ್ಲಿ ಬೇರೆಯೇ ಪಂಚಾಯಿತಿ. ತಾಂಡೂರು ದೊಡ್ಡ ಲೈನಿನ ಊರು, ದಿನವೂ ಗಾಡಿ ನೋಡುವ ಜನ. ಸ್ಟೇಷನ್ನಿನ ಹಮಾಲರು ಸುತ್ತ ನಿಂತು, "ಇದು ಯಾವ ಊರಿನ ಮೇಲ್ ಗಾಡಿ ಬೇ? ಕುಂಕುಮ ಭರಣಿಗೆ ಗಾಲಿ ಹಚ್ಚೀ ಏನು?" ಎಂದು ನನ್ನ ಮಾನ ಕಳೆದರು. ರೈಲು ಕಂಡವರಿಗೆ ಕಂಡ ಬಣ್ಣವೇ ಬೇಕು, ಕಾಣದವರಿಗೆ ಮನಸ್ಸಿನೊಳಗಿನ ಬಣ್ಣ ಬೇಕು. ಅಂದಿನಿಂದ ತಾಂಡೂರಿಗೆ ಬೆಲ್ಲದ್ದು, ನಾರಾಯಣಖೇಡಕ್ಕೆ ಕುಂಕುಮದ್ದು ಎಂದು ಭಾಗ ಮಾಡಿದೆವು. ನಮ್ಮ ಜಹೀರಾಬಾದಿನವರಿಗೆ ಎರಡೂ ನಡೆಯುತ್ತಿತ್ತು. ನಮ್ಮೂರ ಜನ ಮೊದಲಿಂದಲೂ ಹಾಗೇ.

ವಸ್ತು ತರುವುದರಲ್ಲೂ ಮೋಸ ಹೋದದ್ದುಂಟು. ಒಮ್ಮೆ ತಾಂಡೂರಿನಲ್ಲಿ ಯಾರೋ ದೊಡ್ಡ ಸಾಹೇಬರ ಒಂಟಿ ಡಬ್ಬಿ ನಿಂತಿತ್ತು, ಎಳೆ ಬೇವಿನೆಲೆಯ ಬಣ್ಣ. ಅದೇ ಬಣ್ಣದ ಚಿಗುರು ಕಿತ್ತು ಸೆರಗಿಗೆ ಗಂಟು ಹಾಕಿಕೊಂಡೆ. ಗಾಡಿ ತಡವಾಯಿತು, ಊರಿಗೆ ಬಂದದ್ದು ಮರುದಿನ. ಗಂಟು ಬಿಚ್ಚಿದರೆ ಎಲೆ ಬಾಡಿ ಕಪ್ಪಾಗಿದೆ.

"ಸಾಹೇಬರ ಡಬ್ಬಿಗೆ ಜಡ್ಡು ಬಂದದೇನು ತುಕ್ಕಮ್ಮ?" ಎಂದರು ಬಡೇಬಿ.

"ಬರೂವಾಗ ಛಲೋ ಇತ್ರಿ. ದಾರಿಯಾಗ ಬಾಡ್ಯದ."

"ಹಂಗಾದರ ಬಾಡದ ವಸ್ತು ತರಬೇಕವ್ವ. ಎಲಿ, ಹೂವು ನಕೋ."

ಅಷ್ಟೇ. ಹೋದ ಖರ್ಚಿಗೆ, ಹೋದ ಹೊತ್ತಿಗೆ ಒಂದು ಮಾತು ಆಡಲಿಲ್ಲ. ಆಮೇಲೆ ನಾನು ಕಾಳು, ಬೇಳೆ, ಸಿಪ್ಪೆ, ಇಟ್ಟಂಗಿ ಚೂರು, ಬಳೆ ಚೂರು ಇಂಥವನ್ನೇ ತರುತ್ತಿದ್ದೆ. ನನ್ನ ಗಂಡ ತಮಾಷೆ ಮಾಡುತ್ತಿದ್ದ. "ನಿನ್ನ ಸೆರಗು ಝಾಡಿಸಿದರ ಒಂದು ಹೊತ್ತಿನ ಸಾರಾಗ್ತದ" ಎನ್ನುತ್ತಿದ್ದ.

ಇನ್ನು ಆ ಪಚ್ಚದ ಕಥೆಗೆ ಬರುತ್ತೇನೆ.

ತಾಂಡೂರಿನಲ್ಲಿ ನಮ್ಮ ಡಬ್ಬಿಗಳನ್ನು ಕೊಳ್ಳುತ್ತಿದ್ದವರು ವೆಂಕಯ್ಯ ಶೆಟ್ಟರು. ಅವರ ಮಗಳಿಗೆ ರೈಲಿನ ನೌಕರಿಯ ವರ ಗೊತ್ತಾಯಿತು. ಶೆಟ್ಟರಿಗೆ ಹಿಗ್ಗೋ ಹಿಗ್ಗು. ಮದುವೆಗೆ ಬಂದ ಮಕ್ಕಳಿಗೆಲ್ಲ ಒಂದೊಂದು ಡಬ್ಬಿ ಕೊಡಬೇಕೆಂದು ಮನಸ್ಸು ಮಾಡಿದರು. ಅವರ ಆಳು ನರ್ಸಿಮ್ಲು ಅವಸರದಲ್ಲಿ ಬಂದು, ಹೊಸ್ತಿಲ ಆಚೆಯೇ ನಿಂತು ತೆಲುಗಿನಲ್ಲಿ ಕೂಗಿ ಹೇಳಿದ. "ಅನ್ನೀ ಪಚ್ಚ ಡಬ್ಬಾಲೇ ಕಾವಾಲೆ ಅಮ್ಮಾ, ಪೆಂಡ್ಲಿ ಮಾಲು!" ಎಲ್ಲವೂ ಪಚ್ಚ ಡಬ್ಬಿಗಳೇ ಬೇಕು, ಮದುವೆಯ ಸರಕು ಎಂದು.

ಪಚ್ಚ ಎಂದರೆ ಏನು ಎಂದು ನಾನು ಕೇಳಲಿಲ್ಲ, ಬಡೇಬಿಯೂ ಕೇಳಲಿಲ್ಲ. ಕೇಳುವುದೇನಿದೆ? ನಮಗೆ ಪಚ್ಚೆ ಅಂದರೆ ಹಸಿರು. ಪಚ್ಚೆ ಕಲ್ಲು ಹಸಿರು, ಪಚ್ಚೆ ಪೈರು ಹಸಿರು. ಮದುವೆಗೆ ಹಸಿರು ಬಳೆ ಇಡುವುದಿಲ್ಲವೇ? ಬಡೇಬಿಗೂ ಹಸಿರೆಂದರೆ ಶುಭ. ತಿಳಿಯದ ಮಾತಾಗಿದ್ದರೆ "ವಸ್ತು ಎಲ್ಲಿ?" ಎಂದು ಕೇಳುತ್ತಿದ್ದೆವು. ತಿಳಿದ ಮಾತಾದ್ದರಿಂದ ಸುಮ್ಮನಾದೆವು. ಮಕ್ಕಳೇ, ಇದೊಂದನ್ನು ಗಂಟು ಹಾಕಿಕೊಳ್ಳಿ. ಗೊತ್ತಿಲ್ಲದ ಮಾತು ನಿಮಗೆ ಅಷ್ಟು ಕೇಡು ಮಾಡುವುದಿಲ್ಲ.

ಇದ್ದ ಮರವನ್ನೆಲ್ಲ ಕೊರೆದೆವು. ಹಸಿರು ಪುಡಿ ತರಿಸಿದೆವು. ಬೇರೆ ಊರಿನ ಸರಕು ಆ ಹಂಗಾಮಿನಲ್ಲಿ ಮಾಡಲೇ ಇಲ್ಲ. ಅಂಗಳದ ತುಂಬ ಹಸಿರು ಡಬ್ಬಿ ಸಾಲು ಸಾಲಾಗಿ ಒಣಗುತ್ತಿದ್ದವು, ನೋಡಲು ಕಡಲೆ ಹೊಲದ ಹಾಗಿತ್ತು. ಹೊಳಪಿನ ಎಣ್ಣೆ ಹಾಕುವುದೊಂದು ಬಾಕಿ. ಆಗ ಕೆಲಸ ಎಲ್ಲಿಗೆ ಬಂತು ಎಂದು ಕೇಳಲು ನರ್ಸಿಮ್ಲು ಬಂದ. ಅಂಗಳಕ್ಕೆ ಕಾಲಿಟ್ಟವನೇ ತಲೆಯ ಮೇಲೆ ಕೈ ಹೊತ್ತುಕೊಂಡ.

"ಅಯ್ಯೋ ದೇವುಡಾ! ಇದೇಂದಮ್ಮಾ? ಪಚ್ಚ ಅಂಟೇ ಇದಾ?"

"ಪಚ್ಚ ಅಂದ್ರ ಇದೇ ಅಲ್ಲೇನೋ?" ಎಂದು ನಾನು ಬಾಗಿಲ ಬೇವಿನ ಮರ ತೋರಿಸಿದೆ.

ಅವನು ತಲೆ ಅಲ್ಲಾಡಿಸಿ, ಬೆರಳು ಚಾಚಿ ನನ್ನ ಮುಖ ತೋರಿಸಿದ. "ಇದಿ ಪಚ್ಚ!" ಎಂದ. ಅಂದು ಶುಕ್ರವಾರ, ಗಲ್ಲಕ್ಕೆ ಅರಿಶಿಣ ಹಚ್ಚಿಕೊಂಡು ಬಂದಿದ್ದೆ. ತೆಲುಗಿನವರಿಗೆ ಎಲೆಯೂ ಪಚ್ಚವೇ, ಅರಿಶಿಣವೂ ಪಚ್ಚವೇ. ಕಾಮಾಲೆ ರೋಗಕ್ಕೂ ಅವರು ಪಚ್ಚವೆನ್ನುತ್ತಾರೆ. ಶೆಟ್ಟರು ಮಗಳ ಮದುವೆಗೆ ಕೇಳಿದ್ದು ಅರಿಶಿಣದ ಡಬ್ಬಿ. ವಸ್ತುವನ್ನು ನಾನು ಮುಖದ ಮೇಲೆಯೇ ಹೊತ್ತು ತಿರುಗುತ್ತಿದ್ದೆ, ನನಗೇ ಕಂಡಿರಲಿಲ್ಲ. ಮುತ್ತು ಒಡೆದರೆ ಹೋಯಿತು, ಮಾತು ಆಡಿದರೆ ಹೋಯಿತು ಎನ್ನುತ್ತಾರೆ. ನಮ್ಮದು ಮಾತು ಕೇಳಿದರೇ ಹೋಯಿತು.

ಸುದ್ದಿ ಸಂಜೆಯೊಳಗೆ ಬಡೇಬಿಯ ಮೈದುನ ಕರೀಂಸಾಬರಿಗೆ ಮುಟ್ಟಿತು. ಅವರದು ಹುಣಸೆಹಣ್ಣಿನ ವ್ಯಾಪಾರ. ಕೆಟ್ಟ ಮನುಷ್ಯರಲ್ಲ, ಆದರೆ ನಮ್ಮ ಶೆಡ್ಡಿನ ಮೇಲೆ ಅವರಿಗೆ ಮೊದಲಿಂದ ಕಣ್ಣು. ಮನೆತನದ ಜಾಗ ಅದು, ಕಾರ್ಖಾನೆ ನಡೆಯುವ ತನಕ ಬಡೇಬಿಗೆ ಎಂದು ಮಾತಾಗಿತ್ತು. ಅವರು ಪರದೆಯ ಆಚೆ ನಿಂತು ಮಾತಾಡಿದರು. ನಾನು ಈಚೆ ನಿಂತಿದ್ದೆ.

"ಭಾಬಿ, ಈ ಮಾಲು ವಾಪಸ್ ಬಂತಂದ್ರ ಶೆಡ್ಡು ನನಗ ಬಿಟ್ಟುಕೊಡ್ರಿ. ಹುಣಸಿಹಣ್ಣು ಮಳಿಗೆ ಕೊಳಿತಾ ಬಿದ್ದದ."

"ಬಂದರ ನೋಡೋಣು."

"ನೋಡೂದೇನದ? ಆ ಕುರುಬರ ಹೆಣಮಗಳ ಮಾತು ಕೇಳಿ ಕೆಟ್ರಿ. ಪಚ್ಚ ಯಾವುದಂತ ಗೊತ್ತಿಲ್ಲದಾಕಿ!"

ಆಗ ಬಡೇಬಿ ಹೇಳಿದ ಮಾತು ನಾನು ಸಾಯುವ ತನಕ ಮರೆಯುವುದಿಲ್ಲ.

"ಆಳು ಹೇಳಿದಾಗ ನಾ ಭೀ ಇಲ್ಲೇ ಕುಂತಿದ್ದೆ ಕರೀಂ. ನನಗ ಭೀ ಕೇಳಿಸ್ತು, ನಾ ಭೀ ಹಸರು ಅಂತೇ ತಿಳಕೊಂಡೆ. ಕಣ್ಣಿಗೆ ಪರದೆ ಅದ, ಕಿವಿಗೇನು ಪರದೆ ಅದ ಏನು? ಆಕಿ ಮ್ಯಾಲ ಯಾಕ ಹಾಕ್ತಿ?"

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವ ಯಜಮಾನರನ್ನು ಆಮೇಲೆ ಎಷ್ಟೋ ಜನರನ್ನು ಕಂಡೆ. ಬರೆಗೆ ತಾನೇ ಬೆನ್ನು ಕೊಟ್ಟ ಯಜಮಾನಿ ಇವರೊಬ್ಬರೇ.

ಕರೀಂಸಾಬರು ಅಷ್ಟಕ್ಕೆ ಬಿಡಲಿಲ್ಲ. "ನೀವು ಒಂದು ಗಾಡಿನೂ ಕಣ್ಣಿಲೆ ಕಂಡಿಲ್ಲ. ಆಕಿ ಬೆಲ್ಲ ತಂದ್ರ ಬೆಲ್ಲ, ಬದನಿಕಾಯಿ ತಂದ್ರ ಬದನಿಕಾಯಿ. ನನಗಂತೂ ರೈಲಿನ ಡಬ್ಬಿ ಎಂದೂ ಬೆಲ್ಲದ ಹಂಗ ಕಂಡಿಲ್ಲ. ಆಕಿ ಹೇಳಿದ್ದು ಖರೆ ಅಂತ ಯಾರು ನೋಡ್ಯಾರ?" ಎಂದರು.

ಬಡೇಬಿ ಏನೂ ಹೇಳಲಿಲ್ಲ. ಆ ಮೌನ ನನಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು. ಶೆಡ್ಡು ಹೋದರೆ ನಾನು ಮತ್ತೆಲ್ಲಾದರೂ ಬೀಸಿಕೊಂಡು ಬದುಕಬಹುದಿತ್ತು. ನನ್ನ ಕಣ್ಣಿನ ಮೇಲೆ ಅವರಿಗಿದ್ದ ನಂಬಿಕೆ ಹೋದರೆ ನಾನು ಯಾರು?

ಈಗ ಡಬ್ಬಿಗಳನ್ನು ಏನು ಮಾಡುವುದು? ಮದುವೆ ಹತ್ತಿರ ಬಂದಿತ್ತು. ಹಸಿರನ್ನು ಉಜ್ಜಿ ತೆಗೆದರೆ ಕೆಳಗಿನ ಮಣ್ಣಿನ ಲೇಪವೂ ಎದ್ದು ಬರುತ್ತದೆ ಎಂದು ಮೋನಪ್ಪ ಕೈ ಚೆಲ್ಲಿದ. ನೇರವಾಗಿ ಹಸಿರಿನ ಮೇಲೆ ಹಳದಿ ಬಳಿದು ನೋಡಿದೆವು, ಹಳದಿ ಕೂಡಲಿಲ್ಲ, ಹಸಿರು ಕೆಳಗಿನಿಂದ ಇಣುಕಿ ಇಣುಕಿ ನೋಡಿತು. ಅದರ ಮೇಲೆ ಮತ್ತೆ ಬಿಳಿಮಣ್ಣು ಹಚ್ಚಿ ಹಳದಿ ಹಾಕಬೇಕು. ಆದರೆ ಮನೆಯಲ್ಲಿದ್ದ ಹಳದಿ ಪುಡಿ ಪೂರ್ತಿ ಡಬ್ಬಿಗೆ ಸಾಲದು, ಹೈದರಾಬಾದಿನಿಂದ ತರಿಸಲು ದಿನವಿಲ್ಲ. ಬಡೇಬಿ ಒಂದು ಡಬ್ಬಿ ಕೈಗೆತ್ತಿಕೊಂಡು, ಕಿಟಕಿಯ ಕೆಳಗೆ ಉಗುರಿನಿಂದ ಒಂದು ಗೆರೆ ಎಳೆದರು.

"ಇಲ್ಲಿಂದ ಮ್ಯಾಲ ಹಳದಿ. ಕೆಳಗ ಇದ್ದಂಗೇ ಇರ್ಲಿ."

"ಇಂಥ ಗಾಡಿ ಎಲ್ಲಿಯೂ ಇಲ್ರಿ ಬಡೇಬಿ" ಎಂದೆ.

"ಇಂಥ ಸೀರಿ ಅದ ಇಲ್ಲೋ?"

ನನಗೆ ಆಗ ಹೊಳೆಯಿತು. ಅರಿಶಿಣದ ಸೀರೆ, ಹಸಿರು ಅಂಚು. ಧಾರೆಗೆ ಕೂರುವ ಮದುಮಗಳು ಉಡುವುದು ಅದನ್ನೇ. ನಾವೆಲ್ಲ ಅನ್ನ ನೀರು ಮರೆತು ಬಿಳಿಮಣ್ಣು ಹಚ್ಚಿದೆವು, ಹಳದಿ ಬಳಿದೆವು. ಎಣ್ಣೆಯ ಹೊಳಪು ಬಿದ್ದ ಮೇಲೆ ಡಬ್ಬಿಗಳು ಮದುವೆ ಮನೆಯ ಹೆಣ್ಣುಮಕ್ಕಳ ಹಾಗೆ ಸಾಲಾಗಿ ಕೂತವು. ಮೋನಪ್ಪ ಪರದೆಯ ಆಚೆಯಿಂದ, "ಒಂದು ಸಲ ಈ ಕಡಿ ಕೊಡ್ರೆವ್ವಾ, ನಾನೂ ನೋಡ್ತೀನಿ" ಎಂದು ಕೇಳಿ ತರಿಸಿಕೊಂಡು ನೋಡಿದ.

ಮಾಲು ತಗೊಂಡು ನಾನು ಹೊರಡುವುದೆಂದು ತಿಳಿದಿದ್ದೆ. ಬಡೇಬಿ ಬುರ್ಖಾ ತೆಗೆದುಕೊಂಡರು.

"ಈ ಸಲ ನಾನೇ ಹೋಗ್ತೀನಿ. ನೀ ನನ್ನ ಜೋಡಿ ಬಾ."

ಕರೀಂಸಾಬರ ಮಾತು ನಾಟಿದೆ, ಇನ್ನು ನನ್ನನ್ನು ಒಬ್ಬಳನ್ನೇ ಕಳಿಸುವುದಿಲ್ಲ ಎಂದು ಖಾತ್ರಿಯಾಯಿತು. ಸ್ಟೇಷನ್ನಿನಲ್ಲಿ ಅವರ ಮನೆಯ ಹೆಂಗಸರು ಎರಡೂ ಕಡೆ ಚಾದರ ಹಿಡಿದು ನಿಂತರು. ಆ ಚಾದರಗಳ ನಡುವಿನಿಂದ ಬಡೇಬಿ ಹೆಂಗಸರ ಜನಾನಾ ಡಬ್ಬಿ ಹತ್ತಿದರು. ಹೀಗಾಗಿ ಜೀವಮಾನದಲ್ಲಿ ಮೊದಲ ಸಲ ರೈಲು ಹತ್ತಿದರೂ ಹತ್ತಿದ ಡಬ್ಬಿ ಹೊರಗಿನಿಂದ ಹೇಗಿದೆ ಎಂದು ಅವರು ನೋಡಲಿಲ್ಲ. ಒಳಗೆ ಕಿಟಕಿಯ ಮರದ ಪಟ್ಟಿಗಳನ್ನು ಮುಚ್ಚಿ, ತಸಬಿಯ ಮಣಿ ಎಣಿಸುತ್ತ ಕೂತರು. ವಿಕಾರಾಬಾದಿನಲ್ಲಿ ಮುಸುಕಿನೊಳಗೆ ತಲೆ ತಗ್ಗಿಸಿಕೊಂಡೇ ಗಾಡಿ ಬದಲಿಸಿ ತಾಂಡೂರು ಮುಟ್ಟುವ ತನಕ ನನ್ನೊಡನೆ ಒಂದು ಮಾತೂ ಆಡಲಿಲ್ಲ. ನಾನೂ ಆಡಲಿಲ್ಲ. ನನಗೂ ಬಿಗುಮಾನ ಇತ್ತು.

ಶೆಟ್ಟರ ಮನೆಯಲ್ಲಿ ಬಡೇಬಿ ಒಳಗಿನ ಕೋಣೆಯಲ್ಲಿ ಬಾಗಿಲ ಹಿಂದೆ ಕೂತರು, ಜೊತೆಗೆ ಶೆಟ್ಟರ ಹೆಂಡತಿ. ಶೆಟ್ಟರು ಪಡಸಾಲೆಯಲ್ಲಿ. ನಾನು ಬುಟ್ಟಿಯಿಂದ ಒಂದು ಡಬ್ಬಿ ತೆಗೆದು ಅವರ ಮುಂದೆ ಇಟ್ಟೆ. ಅವರು ನಮ್ಮೊಡನೆ ಕನ್ನಡವನ್ನೇ ಆಡುತ್ತಿದ್ದರು.

"ನಾ ಕೇಳಿದ್ದು ಒಂದು ಪಚ್ಚ. ನೀವು ಎರಡು ಪಚ್ಚ ತಂದೀರಲ್ಲ!" ಎಂದರು. ಸಿಟ್ಟೋ, ನಗುವೋ ತಿಳಿಯಲಿಲ್ಲ.

"ಮೊದಲು ಹಸರು ತಿಳಕೊಂಡೆವ್ರಿ ಶೆಟ್ರ" ಎಂದೆ.

"ಅಲ್ಲಮ್ಮಾ, ನಮ್ಮ ಅಳಿಯ ರೈಲಿನಾಗ ಇರೂವ. ಅವರ ಕಡಿ ಮಂದಿ ನಕ್ಕರ ಏನು ಮಾಡ್ಲಿ? ಇಂಥ ಗಾಡಿ ಯಾವ ಲೈನಿನ ಮ್ಯಾಲ ಓಡ್ತದ?"

ಬಾಗಿಲ ಹಿಂದಿನಿಂದ ಬಡೇಬಿಯ ದನಿ ಬಂತು.

"ಮದಿವಿ ಲೈನಿನ ಮ್ಯಾಲ ಓಡ್ತದ ಶೆಟ್ರ."

ಶೆಟ್ಟರು ಬಾಗಿಲ ಕಡೆ ತಿರುಗಿದರು. ಬಡೇಬಿ ನಿಲ್ಲಿಸಲಿಲ್ಲ.

"ಪಚ್ಚ ಅಂದವರು ನಿಮ್ಮವರು, ಕೇಳಿದವರು ನಾವು. ತಪ್ಪು ಅಂದರ ಇಬ್ಬರದೂ ಅರ್ಧ ಅರ್ಧ. ಅದಕ್ಕೇ ಮ್ಯಾಲ ಅರ್ಧ ನಿಮ್ಮ ಪಚ್ಚ, ಕೆಳಗ ಅರ್ಧ ನಮ್ಮ ಪಚ್ಚ. ಮಗಳ ಸೀರಿ ಜೋಡಿ ಇಟ್ಟು ನೋಡ್ರಿ. ಕೂಡಲಿಲ್ಲಂದ್ರ ನಾ ಹೊಳ್ಳಿ ಒಯ್ತೀನಿ."

ಶೆಟ್ಟರ ಹೆಂಡತಿ ಎದ್ದು ಬಂದು ಗಂಡನ ಮುಂದಿನ ಡಬ್ಬಿ ಎತ್ತಿಕೊಂಡು ಒಳಗೆ ಹೋದರು. ಪೆಟ್ಟಿಗೆ ತೆಗೆದ ಸಪ್ಪಳ, ಸೀರೆ ಬಿಡಿಸಿದ ಸಪ್ಪಳ ಕೇಳಿಸಿತು. ನಾನು ಮನಸ್ಸಿನಲ್ಲಿ ಮನೂರಿನ ದೇವರಿಗೆಲ್ಲ ಹರಕೆ ಹೊತ್ತೆ. ಆ ತಾಯಿ ಒಳಗಿನಿಂದಲೇ ಗಂಡನಿಗೆ ಕೂಗಿ ಹೇಳಿದರು. "ಅನ್ನೀ ತೀಸ್ಕೋಂಡಿ!" ಎಲ್ಲವನ್ನೂ ತೆಗೆದುಕೊಳ್ಳಿ ಎಂದು. ಶೆಟ್ಟರು ಗಟ್ಟಿಯಾಗಿ ನಕ್ಕುಬಿಟ್ಟರು. ಮುಂದಿನ ವರ್ಷಗಳಲ್ಲಿ ತಾಂಡೂರಿನ ಮದುವೆಗಳಿಗೆ "ರೆಂಡು ಪಚ್ಚಲ ಬಂಡಿ", ಅಂದರೆ ಎರಡು ಪಚ್ಚದ ಗಾಡಿ, ಕೇಳಿಕೊಂಡು ಬರುವವರೇ ಹೆಚ್ಚಾದರು. ಶೆಡ್ಡು ಉಳಿಯಿತು. ಕರೀಂಸಾಬರು ಹುಣಸೆಹಣ್ಣಿಗೆ ಬೇರೆ ಜಾಗ ನೋಡಿಕೊಂಡರು.

ಆದರೆ ನಾನು ಹೇಳಬೇಕೆಂದದ್ದು ಅದಲ್ಲ. ತಿರುಗಿ ಬರುವ ದಾರಿಯದು.

ಅಂದು ಬಿಸಿಲು ಇಳಿಯುವ ಹೊತ್ತಿಗೆ ವಿಕಾರಾಬಾದಿಗೆ ಬಂದು, ನಮ್ಮ ಕಡೆಯ ಗಾಡಿಯ ಜನಾನಾ ಡಬ್ಬಿಯಲ್ಲಿ ಕೂತಿದ್ದೆವು. ನಾವಿಬ್ಬರೇ ಇದ್ದೆವು. ಪಕ್ಕದ ಹಳಿಗೆ ಇನ್ನೊಂದು ಗಾಡಿ ಬಂದು ನಿಂತಿತು. ಬಡೇಬಿ ಮುಖದ ಮುಸುಕು ಎತ್ತಿ, ಕಿಟಕಿಯ ಒಂದು ಪಟ್ಟಿಯನ್ನು ಬೆರಳಿನಿಂದ ಮೇಲೆತ್ತಿದರು. ಸಂದಿಯಲ್ಲಿ ಕಣ್ಣಿಟ್ಟು ಕೂತವರು ಎಷ್ಟು ಹೊತ್ತಾದರೂ ಅಲ್ಲಾಡಲಿಲ್ಲ. ಇಳಿ ಬಿಸಿಲು ಆ ಡಬ್ಬಿಗಳ ಮೇಲೆ ನೇರ ಬಿದ್ದಿತ್ತು. ಆಮೇಲೆ ಅವರು ಗಂಟು ಬಿಚ್ಚಿ ಒಂದು ತಗಡಿನ ಡಬ್ಬ ಹೊರತೆಗೆದರು. ನನ್ನ ಬೆಲ್ಲದ ಡಬ್ಬ. ವರ್ಷ ವರ್ಷ ಹೊಸ ತುಂಡು ಹಾಕಿ ಅವರು ಕಾಪಾಡಿಕೊಂಡು ಬಂದಿದ್ದ ಡಬ್ಬ ಅದು. ಅದನ್ನು ಅವರು ಅಷ್ಟು ದೂರ ಹೊತ್ತು ತಂದಿದ್ದಾರೆಂದು ನನಗೆ ಗೊತ್ತೇ ಇರಲಿಲ್ಲ.

ಬೆಲ್ಲದ ತುಂಡನ್ನು ಸಂದಿಗೆ ಹಿಡಿದು ಬೆಲ್ಲ ನೋಡಿದರು, ಡಬ್ಬಿ ನೋಡಿದರು, ಮತ್ತೆ ಬೆಲ್ಲ ನೋಡಿದರು. ಇಷ್ಟು ವರ್ಷ ನಾನು ತಂದದ್ದು ತಪ್ಪಾಗಿದ್ದರೆ?

"ಇದೇ" ಎಂದರು. "ತುಕ್ಕಮ್ಮ, ಇದೇ ಬಣ್ಣ. ಒಳಗಿಂದ ಮಿಂಚ್ತದ ಅಂತ ಅಂದಿದ್ಯಲ್ಲ, ಅದು ಭೀ ಹಂಗೇ ಅದ."

ನನಗೆ ಅಳು ತಡೆಯಲಾಗಲಿಲ್ಲ. "ನನ್ನ ಮ್ಯಾಲ ನಂಬಿಗಿ ಹೋಗಿ ನೀವೇ ಬಂದೀರಿ ಅಂತ ತಿಳಿದಿದ್ದೆನ್ರಿ" ಎಂದುಬಿಟ್ಟೆ.

"ಹುಚ್ಚಿ! ನಂಬಿಗಿ ಹೋಗಿದ್ದರ ಬೆಲ್ಲ ಯಾಕ ತರ್ತಿದ್ದೆ? ಯಾರು ನೋಡ್ಯಾರ ಅಂತ ಕರೀಂ ಕೇಳಿದಾಗ ನನ್ನ ಬಾಯಾಗ ಮಾತಿರಲಿಲ್ಲ. ಇನ್ನ ಕೇಳಿದರ ನಾ ನೋಡೀನಿ ಅಂತೀನಿ."

ಹಾಗೆಂದವರು ತುಂಡನ್ನು ಎರಡು ಮಾಡಿದರು. ಒಂದು ತಮ್ಮ ಬಾಯಿಗೆ ಹಾಕಿಕೊಂಡು ಇನ್ನೊಂದನ್ನು ನನ್ನ ಬಾಯಿಗೆ ಇಟ್ಟರು. ನಾನು ಗಾಬರಿಯಾದೆ.

"ಬಡೇಬಿ, ನಮೂನಾ ತಿಂದ್ರಲ್ರಿ! ನಾಳಿ ಬಣ್ಣ ಕಲಸಾಕ ಏನು ನೋಡ್ತೀರಿ?"

"ಇನ್ನ ನಮೂನಾ ನಕೋ" ಎಂದರು, ಬೆಲ್ಲ ಚೀಪುತ್ತ. "ನೀ ಬಾಯಿಲೆ ಹೇಳು, ಸಾಕು."

ಅಂದಿನಿಂದ ಅವರು ನನ್ನನ್ನು ವಸ್ತು ಎಲ್ಲಿ ಎಂದು ಕೇಳಲಿಲ್ಲ. ನಾನು ಮಾತ್ರ ಅವರಿರುವ ತನಕ ತರುವುದನ್ನು ಬಿಡಲಿಲ್ಲ. ತಂದದ್ದರಲ್ಲಿ ತಿನ್ನುವಂಥದ್ದಿದ್ದರೆ ಇಬ್ಬರೂ ಅರ್ಧ ಅರ್ಧ ತಿನ್ನುತ್ತಿದ್ದೆವು.